ಹದಿನೆಂಟು ಅಡಿಕೆ ಮರದ ದೂರ

ನಮ್ಮ ಮನೆ ದಿಲ್ಲಿಯ ದ್ವಾರಕಾ ಸೆಕ್ಟರ್ 8ರಲ್ಲಿದೆ. ನಾಲ್ಕನೇ ಮಹಡಿ, ಅದರ ಮೇಲೆ ತಾರಸಿ. ಇಂದಿರಾ ಗಾಂಧಿ ವಿಮಾನ ನಿಲ್ದಾಣದ ಗೋಡೆ ಇಲ್ಲಿಂದ ಸೈಕಲ್ ತುಳಿದು ಹೋಗುವಷ್ಟು ದೂರ. ನಾವು ಇಲ್ಲಿಗೆ ಬಂದದ್ದು 2010ರಲ್ಲಿ. ಅದೇ ವರ್ಷ ಜುಲೈನಲ್ಲಿ ಟರ್ಮಿನಲ್ 3 ಉದ್ಘಾಟನೆ ಆಯಿತು. ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಮೂರು ತಿಂಗಳು ಮುಂಚೆ. ಹಾಗಾಗಿ ನನಗೆ ಈ ಮನೆಯ ವಯಸ್ಸು, ಆ ಕಟ್ಟಡದ ವಯಸ್ಸು ಎರಡೂ ಒಂದೇ.

ಬೆಳಿಗ್ಗೆ ಬಟ್ಟೆ ಒಣಹಾಕಲು ತಾರಸಿಗೆ ಹೋದಾಗ ಮೊದಲು ಮೇಲೆ ನೋಡುತ್ತೇನೆ. ವಿಮಾನಗಳು ಚಕ್ರ ಇಳಿಬಿಟ್ಟುಕೊಂಡು ಪೂರ್ವಕ್ಕೆ ಮುಖ ಮಾಡಿ ಕೆಳಗೆ ಬರುತ್ತಿದ್ದರೆ ಅವತ್ತು ಮೂಡಣ ಗಾಳಿ ಅಂತ ಲೆಕ್ಕ. ಇಲ್ಲಿನವರು ಅದಕ್ಕೆ ಪುರ್ವಾಯಿ ಅನ್ನುತ್ತಾರೆ. ಅದರಲ್ಲಿ ತೇವ ಇರುತ್ತದೆ, ಬಟ್ಟೆ ಸಂಜೆವರೆಗೂ ಹಸಿಹಸಿ. ವಿಮಾನಗಳು ಮೂಗು ಎತ್ತಿಕೊಂಡು ಗುಡುಗುತ್ತಾ ನಮ್ಮ ತಲೆ ಮೇಲೆ ಏರಿ ಹೋಗುತ್ತಿದ್ದರೆ ಪಡುವಣ ಗಾಳಿ. ಅವತ್ತು ದಪ್ಪ ಚಾದರ ಕೂಡ ಮಧ್ಯಾಹ್ನಕ್ಕೆ ಒಣಗುತ್ತದೆ. ಇಳಿಯುವಾಗಲೂ ಏರುವಾಗಲೂ ವಿಮಾನ ಗಾಳಿಗೆ ಎದೆಕೊಟ್ಟೇ ಹೋಗಬೇಕು, ಅದಕ್ಕೇ ಹೀಗೆ.

ಇದನ್ನು ನನಗೆ ಹೇಳಿಕೊಟ್ಟವರು ಎರಡನೇ ಮಹಡಿಯ ಅಂಕಲ್. ವಾಯುಪಡೆಯಲ್ಲಿ ರೇಡಾರ್ ಕೆಲಸ ಮಾಡಿ ನಿವೃತ್ತರಾದವರು, ಹರಿಯಾಣದವರು. ರನ್‌ವೇಗಳ ನಂಬರಿನ ಗುಟ್ಟನ್ನೂ ಅವರೇ ಬಿಡಿಸಿದ್ದು. ಮೊದಲೆಲ್ಲಾ ನಾನು ರನ್‌ವೇ 28 ಅಂದರೆ ಅಲ್ಲಿ ಇಪ್ಪತ್ತೆಂಟು ರನ್‌ವೇ ಇವೆ ಅಂದುಕೊಂಡಿದ್ದೆ. ಅದು ದಿಕ್ಕು. ದಿಕ್ಸೂಚಿಯ 280 ಡಿಗ್ರಿಯಲ್ಲಿ ಕೊನೆಯ ಸೊನ್ನೆ ತೆಗೆದರೆ 28. ಅದೇ ಪಟ್ಟಿಯನ್ನು ಇನ್ನೊಂದು ತುದಿಯಿಂದ ನೋಡಿದರೆ 100 ಡಿಗ್ರಿ, ಹಾಗಾಗಿ 10. ಇಲ್ಲಿ ಅಂಥ ಪಟ್ಟಿ ನಾಲ್ಕಿವೆ. ನಾಲ್ಕನೆಯದು ಶುರುವಾದದ್ದು 2023ರ ಜುಲೈನಲ್ಲಿ. ಅದರ ಜೊತೆಗೇ ಒಂದು ಸೇತುವೆಯೂ ಬಂತು. ಅದರ ಮೇಲೆ ವಿಮಾನ ನಿಧಾನಕ್ಕೆ ಉರುಳಿಕೊಂಡು ಹೋಗುತ್ತದೆ, ಕೆಳಗಿನ ರಸ್ತೆಯಲ್ಲಿ ನಮ್ಮ ಕಾರು, ಟ್ಯಾಕ್ಸಿಗಳು ಓಡುತ್ತವೆ. ಮೊದಲ ಸಲ ಅದರ ಕೆಳಗೆ ಹೋದಾಗ ನನ್ನ ಮಗ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಬೈಸಿಕೊಂಡ.

ಹಳಬರು ಯಾರೂ ಇಂದಿರಾ ಗಾಂಧಿ ಏರ್‌ಪೋರ್ಟ್ ಅನ್ನುವುದಿಲ್ಲ. ಪಾಲಂ ಅನ್ನುತ್ತಾರೆ. ಪಾಲಂ ಒಂದು ಊರು. ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರು ಅಲ್ಲಿ ಯುದ್ಧವಿಮಾನಗಳಿಗೆ ನೆಲೆ ಮಾಡಿದರು. ಆಗ ಪ್ರಯಾಣಿಕರ ವಿಮಾನಗಳು ಹೆಚ್ಚಾಗಿ ದಿಲ್ಲಿಯ ಹಳೇ ಏರ್‌ಪೋರ್ಟ್ ಸಫ್ದರ್‌ಜಂಗ್‌ಗೆ ಬರುತ್ತಿದ್ದವು. ಅಲ್ಲಿ ಜಾಗ ಸಾಲದೆ 1962ರಲ್ಲಿ ಪಾಲಂಗೆ ಬಂದವು. 1986ರಲ್ಲಿ ಹೊಸ ಟರ್ಮಿನಲ್ ಕಟ್ಟಿದಾಗ ಈಗಿನ ಹೆಸರು ಬಂತು. ಆದರೆ ಪೈಲಟ್‌ಗಳು ಬಳಸುವ ನಾಲ್ಕಕ್ಷರದ ಗುರುತಿನಲ್ಲಿ ಕೊನೆಯ ಅಕ್ಷರ ಇವತ್ತಿಗೂ ಪಾಲಂನ 'ಪಿ'. ಊರಿನ ಹೆಸರು ಅಷ್ಟು ಸುಲಭಕ್ಕೆ ಅಳಿಯುವುದಿಲ್ಲ ಅಲ್ವಾ? ಎಲ್ಲ ಊರಿಗೂ ಆ ಅದೃಷ್ಟ ಸಿಗಲಿಲ್ಲ. ನಂಗಲ್ ದೇವತ್ ಅನ್ನುವ ಹಳ್ಳಿಯನ್ನು ವಿಮಾನ ನಿಲ್ದಾಣ ದೊಡ್ಡದು ಮಾಡುವಾಗ ಪೂರ್ತಿ ಎಬ್ಬಿಸಿ ಬೇರೆ ಕಡೆ ಕಳಿಸಿದರು. ಅಲ್ಲಿಯವರು ಬಿಟ್ಟು ಬಂದ ಮನೆ, ಕೊಟ್ಟಿಗೆ, ಬಾವಿ ಎಲ್ಲ ಈಗ ಗೋಡೆಯ ಒಳಗಿನ ನೆಲ. ಶರಾವತಿಯಲ್ಲಿ ಮುಳುಗಿದ ಊರುಗಳ ಕಥೆ ಕೇಳುತ್ತಾ ಬೆಳೆದವಳು ನಾನು. ಹಾಗಾಗಿ ಆ ಕಡೆ ಹೋದಾಗಲೆಲ್ಲಾ ಅದು ನೆನಪಾಗದೆ ಇರುವುದಿಲ್ಲ.

ಆದರೆ ಗೋಡೆಯ ಒಳಗೆ ಒಂದು ಜಾಗ ಹಾಗೇ ಉಳಿದಿದೆ. ರನ್‌ವೇ ಹತ್ತಿರ ಎರಡು ದರ್ಗಾ ಇವೆ. ರೋಶನ್ ಖಾನ್ ಮತ್ತು ಕಾಲೇ ಖಾನ್ ಅನ್ನುವ ಪೀರರ ಗೋರಿಗಳು. ಗುರುವಾರ ಭಕ್ತರನ್ನು ತಪಾಸಣೆ ಮಾಡಿ ಬಸ್ಸಿನಲ್ಲಿ ಒಳಗೆ ಕರೆದುಕೊಂಡು ಹೋಗುವ ರೂಢಿ. ನಮ್ಮ ಮನೆಗೆಲಸಕ್ಕೆ ಬರುವ ಅಕ್ಕ ಬಿಹಾರದವಳು, ಹಿಂದೂ. ಮಗಳ ಮದುವೆ ಗಟ್ಟಿಯಾಗಲಿ ಅಂತ ಐದು ಗುರುವಾರ ಹರಕೆ ಹೊತ್ತಿದ್ದಳು. ಗುರುವಾರ ಅವಳು ಬೇಗ ಬಂದು ಪಾತ್ರೆ ತೊಳೆದು, ಗುಲಾಬಿ ಹೂವಿನ ಪೊಟ್ಟಣವನ್ನು ನಮ್ಮ ಫ್ರಿಜ್ಜಿನಿಂದ ತೆಗೆದುಕೊಂಡು ಹೊರಡುತ್ತಿದ್ದಳು. "ದೀದಿ, ಅಲ್ಲಿ ಕೈಮುಗಿದು ನಿಂತಾಗ ವಿಮಾನ ಬಂದರೆ ಕೇಳಿಕೊಂಡದ್ದು ನನಗೇ ಕೇಳಿಸುವುದಿಲ್ಲ, ಬಾಬಾಗೆ ಹೇಗೆ ಕೇಳಿಸುತ್ತದೋ" ಅಂದಿದ್ದಳು ಒಮ್ಮೆ. ಅವಳ ಮಗಳಿಗೆ ಈಗ ಎರಡು ವರ್ಷದ ಕೂಸು. ಮಲೆನಾಡಿನವರಿಗೆ ಇದೆಲ್ಲ ವಿಚಿತ್ರ ಅನ್ನಿಸುವುದಿಲ್ಲ. ನಮ್ಮೂರಲ್ಲಿ ರಸ್ತೆ ಅಗಲ ಮಾಡಿದಾಗಲೂ ಚೌಡಿ ಬನದ ಹತ್ತಿರ ಒಂದು ತಿರುವು ಉಳಿಯಿತು. ಇಂಜಿನಿಯರ್ ಬಂದರು, ನೋಡಿದರು, ಬಳಸಿಕೊಂಡು ಹೋದರು.

ಇಷ್ಟೆಲ್ಲ ಹೇಳಿದ್ದು ಮಂಜಿನ ವಿಷಯಕ್ಕೆ ಬರಲು.

ನಾನು ಹುಟ್ಟಿದ್ದು ತೀರ್ಥಹಳ್ಳಿ ಕಡೆ. ಮಂಜು ನೋಡಿಯೇ ಬೆಳೆದವಳು. ಅಲ್ಲಿ ಮಂಜು ಮೇಲೇಳುತ್ತದೆ. ತುಂಗೆಯಿಂದ, ಗದ್ದೆಯಿಂದ, ತೋಟದ ಕಪ್ಪಿನಿಂದ ಹೊಗೆಯ ಹಾಗೆ ಎದ್ದು ಗುಡ್ಡ ಹತ್ತಿಕೊಂಡು ಹೋಗುತ್ತದೆ. ಒಂಬತ್ತು ಗಂಟೆಗೆ ಬಿಸಿಲು ಬಿದ್ದರೆ ಮುಗಿಯಿತು. ದಿಲ್ಲಿಯಲ್ಲಿ ಮಂಜು ಕೂರುತ್ತದೆ. ಬಂದು ಕೂತರೆ ಏಳುವುದಿಲ್ಲ. ಡಿಸೆಂಬರ್ ಕೊನೆಯಿಂದ ಜನವರಿ ಮುಗಿಯುವವರೆಗೂ ಅದರದೇ ದರ್ಬಾರು. ಗಾಳಿ ಅಲ್ಲಾಡದ, ಮೋಡ ಇಲ್ಲದ ಉದ್ದ ರಾತ್ರಿಯಲ್ಲಿ ನೆಲ ತನ್ನ ಬಿಸಿಯನ್ನೆಲ್ಲಾ ಮೇಲೆ ಬಿಟ್ಟು ತಣ್ಣಗಾಗುತ್ತದೆ. ಸುತ್ತ ಪಂಜಾಬ್, ಹರಿಯಾಣದ ತನಕ ನೀರು ಹಾಯಿಸಿದ ಗೋಧಿ ಹೊಲಗಳು. ಆ ತೇವಕ್ಕೆ ದಿಲ್ಲಿಯ ಹೊಗೆ, ದೂಳಿನ ಕಣ ಸಿಕ್ಕಿದರೆ ಒಂದೊಂದು ಕಣದ ಮೇಲೂ ಒಂದೊಂದು ಹನಿ ಕೂರುತ್ತದೆ. ಅದಕ್ಕೇ ಈ ಮಂಜಿಗೆ ವಾಸನೆ ಇದೆ. ಸುಟ್ಟ ಕಾಗದದ ವಾಸನೆ. ಬಾಯಿ ತೆರೆದರೆ ನಾಲಿಗೆಗೂ ತಾಗುತ್ತದೆ.

ಈ ಮಂಜನ್ನು ಓದಲು ವಿಜ್ಞಾನಿಗಳು ಏರ್‌ಪೋರ್ಟ್ ಒಳಗೇ ಸಾಮಾನು ಹೂಡಿದ್ದಾರೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯವರು 2015ರ ಚಳಿಗಾಲದಲ್ಲಿ ಶುರು ಮಾಡಿದರು. ಹನಿಯ ಗಾತ್ರ, ನೆಲದ ತೇವ, ಗಾಳಿಯಲ್ಲಿರುವ ಕಣ ಎಲ್ಲ ಅಳೆಯುತ್ತಾರೆ. ಮಂಜು ಎಷ್ಟು ಗಂಟೆಗೆ ಕೂರುತ್ತದೆ, ಎಷ್ಟು ಗಂಟೆಗೆ ಹರಿಯುತ್ತದೆ ಅಂತ ಮುಂಚೆ ಹೇಳಲು ಅದು ಬೇಕು. ಇದನ್ನು ಓದಿದಾಗ ಆ ಕೆಲಸ ಮಾಡುವವರ ಮೇಲೆ ನನಗೆ ತುಂಬ ಗೌರವ ಬಂತು. ರಾತ್ರಿ ಮೂರು ಗಂಟೆಗೆ ಆ ಚಳಿಯಲ್ಲಿ ಕೂತು ಹನಿ ಲೆಕ್ಕ ಹಾಕುವುದು ಸಣ್ಣ ಮಾತಲ್ಲ.

ಅಪ್ಪಯ್ಯ ದಿಲ್ಲಿಗೆ ಬಂದದ್ದು ಒಂದು ಜನವರಿಯಲ್ಲಿ, ಸಂಕ್ರಾಂತಿಯ ಹಿಂದಿನ ದಿನ. ಅವರಿಗಾಗ ಎಪ್ಪತ್ತೆರಡು. ವಿಮಾನ ಹತ್ತಿದ್ದು ಅದೇ ಮೊದಲು. ಅಮ್ಮ ಹೋದ ಮೇಲೆ ಮೊದಲ ಸಂಕ್ರಾಂತಿ, ಒಬ್ಬರೇ ಯಾಕೆ ಅಂತ ನಾನೇ ಹಟ ಮಾಡಿ ಟಿಕೆಟ್ ತೆಗೆದಿದ್ದೆ. ಬೆಳಗಿನ ಜಾವದ ಟಿಕೆಟ್ ಸೋವಿ ಇತ್ತು. ಜನವರಿಯಲ್ಲಿ ಬೆಳಗಿನ ಜಾವದ ಟಿಕೆಟ್ ತೆಗೆಯಬಾರದು ಅಂತ ಹದಿನಾಲ್ಕು ವರ್ಷ ಏರ್‌ಪೋರ್ಟ್ ಪಕ್ಕದಲ್ಲಿದ್ದವಳಿಗೆ ಗೊತ್ತಿರಬೇಕಿತ್ತು. ಅದು ನನ್ನ ತಪ್ಪು. ಭಾವನ ಮಗ ಬೆಂಗಳೂರಿನ ತನಕ ಕರೆತಂದು, ದೇವನಹಳ್ಳಿಯಲ್ಲಿ ಒಳಗೆ ಬಿಟ್ಟು, "ಅಜ್ಜಯ್ಯ ಒಳಗೆ ಹೋದ್ರು ಚಿಕ್ಕಿ" ಅಂತ ಮೆಸೇಜ್ ಹಾಕಿದ.

ನಾನು ಆರೂವರೆಗೆ ಮನೆ ಬಿಟ್ಟೆ. ಎದುರಿನ ಕಟ್ಟಡ ಕಾಣುತ್ತಿರಲಿಲ್ಲ. ಕಟ್ಟಡದ ಲಿಫ್ಟ್ ರೂಮಿನ ದೀಪ ಮಾತ್ರ ಗಾಳಿಯಲ್ಲಿ ತೂಗುಬಿಟ್ಟ ಹಾಗೆ ಒಂದು ಹಳದಿ ಚುಕ್ಕಿ. ನೀಲಿ ಲೈನಿನಲ್ಲಿ ಒಂದು ಸ್ಟೇಷನ್ ಹೋಗಿ ಸೆಕ್ಟರ್ 21ರಲ್ಲಿ ಇಳಿದೆ. ಅಲ್ಲಿಂದ ಏರ್‌ಪೋರ್ಟ್ ಲೈನಿನಲ್ಲಿ ಒಂದೇ ಸ್ಟೇಷನ್, ಅದೂ ನೆಲದ ಅಡಿಯಲ್ಲಿ. ಕೆಳಗೆ ಬೆಳಕು, ಬೆಚ್ಚಗೆ, ಎಲ್ಲ ಚೊಕ್ಕ. ಮಂಜು ಅನ್ನುವುದು ಭೂಮಿಯ ಮೇಲೆ ಇದೆಯೋ ಇಲ್ಲವೋ ಅನ್ನುವ ಹಾಗೆ. ಮೇಲೆ ಬಂದು ಟರ್ಮಿನಲ್ 3ರ ಆಗಮನದ ಬಾಗಿಲಿನ ಹತ್ತಿರ ನಿಂತಾಗ ಅಲ್ಲಿ ಜಾತ್ರೆಯಷ್ಟು ಜನ. ಕಂಬಿ ಹಿಡಿದು ನಿಂತವರು, ಟ್ರಾಲಿ ಮೇಲೆ ಮಕ್ಕಳನ್ನು ಮಲಗಿಸಿದವರು, ಹೆಸರಿನ ಬೋರ್ಡು ಹಿಡಿದ ಡ್ರೈವರುಗಳು. ಎಲ್ಲರ ಕಣ್ಣೂ ಪರದೆಯ ಮೇಲೆ. ಅಪ್ಪಯ್ಯನ ವಿಮಾನದ ಎದುರು ಮೊದಲು ತಡ ಅಂತ ಇತ್ತು. ಎಂಟೂಕಾಲಿಗೆ ನೋಡಿದರೆ ಜೈಪುರಕ್ಕೆ ತಿರುಗಿಸಿದೆ ಅಂತ ಬಂತು.

ಕಾಲು ಸೋತು ಹೋಯಿತು. ಅಂಕಲ್‌ಗೆ ಫೋನ್ ಮಾಡಿದೆ.

"ಗಾಬರಿ ಬೇಡ ಬೇಟಾ. ತಿರುಗಿಸಿದ್ದು ಒಳ್ಳೆಯದೇ. ಇಳಿಸಲು ಆಗದೆ ಇರುವಾಗ ಇಳಿಸಲು ಹೋಗುವುದು ಕೆಟ್ಟದ್ದು" ಅಂದರು. ಆಮೇಲೆ ಪುಣ್ಯಾತ್ಮರು ಅರ್ಧ ಗಂಟೆ ನನ್ನ ಜೊತೆ ಫೋನಿನಲ್ಲೇ ಇದ್ದು ಎಲ್ಲ ಬಿಡಿಸಿ ಹೇಳಿದರು. ನನ್ನ ಮನಸ್ಸು ಬೇರೆ ಕಡೆ ಹೋಗಲಿ ಅಂತಲೇ ಹೇಳಿರಬೇಕು.

ರನ್‌ವೇಯ ಆಚೆ ತುದಿಯಿಂದ ಒಂದು, ಪಕ್ಕದಿಂದ ಒಂದು, ಹೀಗೆ ಎರಡು ರೇಡಿಯೋ ಕಿರಣ ಬಿಡುತ್ತಾರಂತೆ. ಒಂದು ಎಡ ಬಲ ಹೇಳುತ್ತದೆ, ಇನ್ನೊಂದು ಮೇಲೆ ಕೆಳಗೆ ಹೇಳುತ್ತದೆ. ಎರಡನ್ನೂ ಹಿಡಿದುಕೊಂಡು ವಿಮಾನ ಜಾರುಬಂಡಿಯ ಮೇಲೆ ಬಂದ ಹಾಗೆ ಬರುತ್ತದೆ. ಕಣ್ಣಿಗೆ ಕಾಣುವ ದಿನ ಕೊನೆಯ ಹೊತ್ತಿನಲ್ಲಿ ಪೈಲಟ್ ಕೈಯಲ್ಲೇ ಇಳಿಸುತ್ತಾರೆ. ದಟ್ಟ ಮಂಜಿನ ದಿನ ಯಂತ್ರವೇ ಚಕ್ರ ನೆಲಕ್ಕೆ ತಾಗಿಸುವ ತನಕ ಕೆಲಸ ಮಾಡುತ್ತದೆ. ಇದಕ್ಕೆ ಕ್ಯಾಟ್ 3 ಅನ್ನುತ್ತಾರೆ. ದಿಲ್ಲಿಯಲ್ಲಿ ರನ್‌ವೇ ಮೇಲೆ 50 ಮೀಟರ್ ಕಂಡರೆ ಸಾಕು, ಇಳಿಸಬಹುದು. ಆದರೆ ಮೂರೂ ಸರಿ ಇರಬೇಕು. ರನ್‌ವೇಗೆ ಆ ಸೌಲಭ್ಯ ಇರಬೇಕು, ವಿಮಾನದಲ್ಲಿ ಆ ಯಂತ್ರ ಇರಬೇಕು, ಪೈಲಟ್‌ಗಳಿಗೆ ಆ ತರಬೇತಿ ಆಗಿರಬೇಕು. ಮೂರರಲ್ಲಿ ಒಂದು ಇಲ್ಲದಿದ್ದರೂ ಮೇಲೆ ಸುತ್ತುತ್ತಾ ಕಾಯಬೇಕು. ಎಣ್ಣೆ ಲೆಕ್ಕಕ್ಕಿಂತ ಕೆಳಗೆ ಬರುವ ಮೊದಲು ಬೇರೆ ಊರಿಗೆ ಹೋಗಬೇಕು.

ಇನ್ನೊಂದು ಮಾತು ಹೇಳಿದರು, ಅದು ನನಗೆ ಹೊಸದು. ಇಳಿಯಲು 50 ಮೀಟರ್ ಸಾಕು, ಆದರೆ ಏರಲು 125 ಮೀಟರ್ ಕಾಣಬೇಕು. ನಾನು ಉಲ್ಟಾ ಅಂದುಕೊಂಡಿದ್ದೆ. ಇಳಿಸುವುದು ಯಂತ್ರ, ಏರಿಸುವುದು ಮನುಷ್ಯ. ಏರುವಾಗ ಪೈಲಟ್ ರನ್‌ವೇಯ ನಡುಗೆರೆ, ದೀಪ ನೋಡಿಕೊಂಡೇ ಓಡಿಸಬೇಕು. ನಡುವೆ ಏನಾದರೂ ಆದರೆ ನಿಲ್ಲಿಸಬೇಕು. ಹಾಗಾಗಿ ಮಂಜು ಜಾಸ್ತಿ ಆದಾಗ ಒಳಗೆ ಬಂದದ್ದು ಹೊರಗೆ ಹೋಗುವುದಿಲ್ಲ. ನಿಲ್ಲಿಸುವ ಜಾಗ ತುಂಬುತ್ತಾ ಹೋಗುತ್ತದೆ. ನೆಲದ ಮೇಲಿನ ವಿಮಾನ ಆ ರೇಡಿಯೋ ಕಿರಣಕ್ಕೆ ಅಡ್ಡ ಬಂದರೆ ಅದು ಬಾಗಿಹೋಗುತ್ತದೆ. ಅದಕ್ಕೆ ಎಲ್ಲವನ್ನೂ ದೂರ ದೂರ ನಿಲ್ಲಿಸುತ್ತಾರೆ, ಒಂದರ ಹಿಂದೆ ಒಂದು ಇಳಿಯುವ ಅಂತರವನ್ನೂ ಹೆಚ್ಚಿಸುತ್ತಾರೆ. ಇಳಿದ ವಿಮಾನಕ್ಕೆ ದಾರಿ ಕಾಣದಿದ್ದರೆ ಮುಂದೆ ಒಂದು ಜೀಪು. ಹಿಂದೆ 'ಫಾಲೋ ಮಿ' ಅಂತ ಬರೆದಿರುತ್ತದೆ. ಇನ್ನೂರು ಜನ ಕೂತ ವಿಮಾನ ಒಂದು ಸಣ್ಣ ಜೀಪಿನ ಹಿಂದೆ ಕರುವಿನ ಹಾಗೆ ಹೋಗುತ್ತದೆ.

ಇದೆಲ್ಲ ಕೇಳುತ್ತಾ ನನಗೆ ಸ್ವಲ್ಪ ಉಸಿರು ಬಂತು. ಆದರೆ ಅಪ್ಪಯ್ಯನ ಫೋನ್ ಆಫ್. ಹತ್ತುವಾಗ ಆಫ್ ಮಾಡಿದ್ದನ್ನು ಆನ್ ಮಾಡಬೇಕು ಅಂತ ಅವರಿಗೆ ಯಾರು ಹೇಳುತ್ತಾರೆ?

ಹತ್ತೂ ಹತ್ತಕ್ಕೆ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. "ಅಕ್ಕಾ, ನಾನು ದಾವಣಗೆರೆಯವನು. ನಿಮ್ಮ ತಂದೆ ನನ್ನ ಪಕ್ಕದ ಸಾಲಿನಲ್ಲಿದಾರೆ. ಆರಾಮಿದಾರೆ. ಕೊಡ್ತೀನಿ ತಡೀರಿ" ಅಂದ ಹುಡುಗ. ಆ 'ಅಕ್ಕಾ' ಕೇಳಿ ನಾನು ಅಲ್ಲೇ ಕಂಬಿಗೆ ಒರಗಿ ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಸರ್ದಾರಣಿ ಒಬ್ಬರು ಏನೂ ಕೇಳದೆ ತಮ್ಮ ಶಾಲಿನ ಒಂದು ಸೆರಗು ನನ್ನ ಹೆಗಲ ಮೇಲೆ ಹಾಕಿದರು.

"ಪುಟ್ಟೀ, ನಾವೀಗ ಎಲ್ಲಿದ್ದೇವೆ ಮಾರಾಯ್ತಿ?" ಅಪ್ಪಯ್ಯನ ಮೊದಲ ಮಾತು ಅದು.

ಅವರಿಗೆ ಜೈಪುರ ಅಂತ ಗೊತ್ತಿರಲಿಲ್ಲ. ದಿಲ್ಲಿಯೇ ಬಂತು, ಬಾಗಿಲು ಯಾಕೋ ತೆಗೆಯುತ್ತಿಲ್ಲ ಅಂದುಕೊಂಡು ಒಂದೂವರೆ ಗಂಟೆ ಕೂತಿದ್ದರು. ಕೆಳಗಿಳಿಸಿದ್ದ ಚೀಲದ ದಾರ ಕೈಗೆ ಸುತ್ತಿಕೊಂಡು, ಎಲ್ಲರೂ ಏಳಲಿ ಅಂತ. ಮೈಕಿನಲ್ಲಿ ಹೇಳಿದ್ದರಂತೆ, ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ. ಬೆಂಗಳೂರಿನಿಂದ ಹೊರಟ ವಿಮಾನ ಅದು. ಅದರಲ್ಲಿ ಅರ್ಧಕ್ಕರ್ಧ ಜನಕ್ಕಾದರೂ ಕನ್ನಡ ಗೊತ್ತಿರುತ್ತದೆ. 'ಮಂಜು ಜಾಸ್ತಿ ಇದೆ, ಜೈಪುರದಲ್ಲಿ ಇಳಿದಿದ್ದೇವೆ, ಹೆದರಬೇಡಿ'. ಇಷ್ಟೇ ಮಾತು. ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡರೆ ಯಾರು ಬೇಕಾದರೂ ಓದಬಹುದು. ಏನೂ ಕಾಣದ ಮಂಜಿನಲ್ಲಿ ಎರಡು ಕಿರಣ ಹಿಡಿದು ವಿಮಾನ ಇಳಿಸುವ ಬುದ್ಧಿ ಮನುಷ್ಯರಿಗೆ ಇದೆ. ಹೊರಟ ಊರಿನ ಭಾಷೆಯಲ್ಲಿ ಒಂದು ವಾಕ್ಯ ಹೇಳುವುದು ಅದಕ್ಕಿಂತ ಕಷ್ಟವೇ? ಆಮೇಲೆ ನಾನು ಆ ಕಂಪನಿಗೆ ಪತ್ರ ಬರೆದೆ. ಕ್ಷಮೆ ಕೇಳಿ ಉತ್ತರ ಬಂತು. ಕನ್ನಡದ ಬಗ್ಗೆ ಅದರಲ್ಲಿ ಒಂದಕ್ಷರ ಇರಲಿಲ್ಲ. ಇದನ್ನು ನಾನು ಬಿಡುವುದಿಲ್ಲ, ಮತ್ತೆ ಬರೆಯುತ್ತೇನೆ.

ಜೈಪುರದಲ್ಲಿ ಅವರು ವಿಮಾನದ ಒಳಗೇ ನಾಲ್ಕು ಗಂಟೆ ಕೂತರು. ಹನ್ನೊಂದಕ್ಕೆ ದಿಲ್ಲಿಯಲ್ಲಿ ಮಂಜು ತೆಳುವಾಯಿತು. ಆಗ ಪೈಲಟ್‌ಗಳ ಕೆಲಸದ ಗಂಟೆ ಮುಗಿದಿತ್ತು. ದಣಿದವರು ಹಾರಿಸಬಾರದು ಅನ್ನುವ ನಿಯಮ ಇದೆ, ಅದು ಸರಿಯಾದ ನಿಯಮ. ಬೇರೆ ಪೈಲಟ್‌ಗಳು ಬರುವ ತನಕ ಕಾಯಬೇಕಾಯಿತು. ಅಪ್ಪಯ್ಯನಿಗೆ ಸಕ್ಕರೆ ಕಾಯಿಲೆ. ಒಂದು ಬಿಸ್ಕತ್ತು ಪೊಟ್ಟಣ, ಒಂದು ಲೋಟ ನೀರು ಕೊಟ್ಟಿದ್ದರಂತೆ. ಆ ದಾವಣಗೆರೆ ಹುಡುಗ ತನ್ನ ಚೀಲದಿಂದ ಮಂಡಕ್ಕಿ, ಖಾರ ತೆಗೆದು ಕೊಟ್ಟನಂತೆ. "ಬೆಣ್ಣೆದೋಸೆ ಕೊಡಕ್ಕಾಗಲ್ಲ ಅಜ್ಜಾರೆ, ಇದನ್ನಾದ್ರೂ ತಿನ್ನಿ ಅಂದ ಪುಟ್ಟೀ" ಅಂತ ಅಪ್ಪಯ್ಯ ಇವತ್ತಿಗೂ ಹೇಳುತ್ತಾರೆ. ಆ ಹುಡುಗನ ಹೆಸರು ಕೇಳಿಟ್ಟುಕೊಳ್ಳಲಿಲ್ಲ ನಾವು. ಇದನ್ನು ಎಲ್ಲಾದರೂ ಓದಿದರೆ, ತಮ್ಮಾ, ನಮ್ಮ ಮನೆಗೆ ಬಾ. ಊಟ ಮಾಡಿಕೊಂಡು ಹೋಗು.

ಮಧ್ಯಾಹ್ನ ಎರಡೂ ಮುಕ್ಕಾಲಿಗೆ ಅಪ್ಪಯ್ಯ ಬಾಗಿಲಿನಿಂದ ಹೊರಗೆ ಬಂದರು. ಬಿಳಿ ಪಂಚೆ, ಮೇಲೆ ಕಂದು ಸ್ವೆಟರ್, ತಲೆಗೆ ಮಫ್ಲರ್. ಕೈಯಲ್ಲಿ ಟ್ರಾಲಿ ಇಲ್ಲ. ಇಷ್ಟು ದೊಡ್ಡ ಜಾಗದಲ್ಲಿ ಟ್ರಾಲಿ ಹಿಡಿದು ತಳ್ಳಬಹುದು ಅಂತ ಅವರಿಗೆ ಹೊಳೆದಿಲ್ಲ. ಒಂದು ಕೈಯಲ್ಲಿ ಅಡಿಕೆ ಮಂಡಿಯ ಹೆಸರಿದ್ದ ಬಟ್ಟೆ ಚೀಲ, ಇನ್ನೊಂದು ಕೈಯಲ್ಲಿ ಹಳೇ ಸೂಟ್‌ಕೇಸು. ಸೂಟ್‌ಕೇಸಿನ ಒಳಗೆ ಎಳ್ಳುಬೆಲ್ಲ, ಜೋನಿಬೆಲ್ಲ, ಹಲಸಿನ ಹಪ್ಪಳ. ಮತ್ತೆ ಒಂದೊಂದು ಅಡಿ ಉದ್ದಕ್ಕೆ ಕತ್ತರಿಸಿ, ಹಳೇ ಪೇಪರಿನಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿದ ಆರು ತುಂಡು ಕಬ್ಬು. ದಿಲ್ಲಿಯಲ್ಲಿ ಕಬ್ಬು ಸಿಗುತ್ತದೆ ಅಂತ ನಾನು ಹೇಳಿದ್ದೆ. ನಮ್ಮ ಗದ್ದೆಯದ್ದು ಅಂತ ತಂದಿದ್ದರು.

"ಎಂತ ದೊಡ್ಡ ಮನೆ ಕಟ್ಟಿದ್ದಾರೆ ಮಾರಾಯ್ತಿ. ನಡೆದು ನಡೆದು ಸಾಕಾಯ್ತು" ಅಂದರು. ಅವರು ಬೇರೇನೂ ದೂರು ಹೇಳಲಿಲ್ಲ. ನನ್ನ ಮುಖ ನೋಡಿ, "ನೀನು ಯಾಕೆ ಇಷ್ಟು ಬಾಡಿದ್ದೀ? ತಿಂಡಿ ತಿಂದಿಲ್ವಾ?" ಅಂತ ಕೇಳಿದರು.

ಆ ದೊಡ್ಡ ಮನೆಯಲ್ಲಿ ನನಗೆ ತುಂಬ ಇಷ್ಟವಾದ ಜಾಗ ಒಂದಿದೆ. ಹೊರದೇಶದಿಂದ ಬಂದವರು ಪಾಸ್‌ಪೋರ್ಟ್ ತೋರಿಸುವ ಹಾಲ್. ಮೇಲೆ ತಾಮ್ರದ ತಟ್ಟೆಗಳ ಗೋಡೆ, ಅದರಿಂದ ಹೊರಗೆ ಚಾಚಿಕೊಂಡ ದೊಡ್ಡ ದೊಡ್ಡ ಕೈಗಳು, ಒಂದೊಂದೂ ಒಂದೊಂದು ಮುದ್ರೆ. ಒಮ್ಮೆ ಮಸ್ಕತ್‌ನಲ್ಲಿರುವ ತಮ್ಮನ ಮನೆಯಿಂದ ವಾಪಸು ಬಂದಾಗ ನೋಡಿದ್ದೆ. ಅಭಯ ಹಸ್ತ ನೋಡಿದ ಕೂಡಲೇ ಮನೆಗೆ ಬಂದೆ ಅನ್ನಿಸಿತ್ತು. ಅಪ್ಪಯ್ಯನಿಗೆ ತೋರಿಸೋಣ ಅಂದರೆ ಒಳನಾಡಿನ ಪ್ರಯಾಣಿಕರಿಗೆ ಆ ದಾರಿ ಇಲ್ಲ. ಅವರಿಗೆ ಫೋಟೋ ತೋರಿಸಿದೆ. "ಯಕ್ಷಗಾನದವರ ಕೈ ಇದ್ದ ಹಾಗಿದೆ" ಅಂದರು.

ರಾತ್ರಿ ಅಂಕಲ್ ಅಪ್ಪಯ್ಯನನ್ನು ನೋಡಲು ಬಂದರು. ಇಬ್ಬರಿಗೂ ಒಂದೇ ವಯಸ್ಸು, ಒಂದೂ ಭಾಷೆ ಕೂಡುವುದಿಲ್ಲ. ನಾನು ನಡುವೆ ಕೂತು ಹಿಂದಿಯಿಂದ ಕನ್ನಡಕ್ಕೆ, ಕನ್ನಡದಿಂದ ಹಿಂದಿಗೆ ಹೊತ್ತು ಹಾಕಿದೆ. ಬೆಳಿಗ್ಗೆ ನನಗೆ ಹೇಳಿದ್ದನ್ನೇ ಅಂಕಲ್ ಅವರಿಗೂ ಹೇಳಿದರು. 50 ಮೀಟರ್ ಅಂದಾಗ ಅಪ್ಪಯ್ಯ ತಡೆದರು.

"ಮೀಟರ್ ಅಂದ್ರೆ ಅಂದಾಜು ಸಿಗೋದಿಲ್ಲ ಪುಟ್ಟಿ. ಅಡಿಯಲ್ಲಿ ಹೇಳು."

ನೂರಾ ಅರವತ್ತನಾಲ್ಕು ಅಡಿ ಅಂದೆ. ಅಪ್ಪಯ್ಯ ಕಣ್ಣು ಮುಚ್ಚಿ ಬೆರಳು ಮಡಿಸಿದರು. ನಮ್ಮ ತೋಟದಲ್ಲಿ ಅಡಿಕೆ ಮರದಿಂದ ಮರಕ್ಕೆ ಒಂಬತ್ತು ಅಡಿ.

"ಹದಿನೆಂಟು ಮರ" ಅಂದರು. "ಹದಿನೆಂಟು ಮರ ಕಂಡ್ರೆ ಇಳಿಸ್ತಾರಾ ಇವರು? ಅಷ್ಟು ದೊಡ್ಡದನ್ನ?"

ಏರಲು 125 ಮೀಟರ್ ಅಂತ ಹೇಳಿದೆ. ಅದಕ್ಕೆ ಕಾಗದ ತೆಗೆದುಕೊಂಡರು. ನಲವತ್ತೈದು ಮರ ಬಂತು. ಸುಮಾರು ಹೊತ್ತು ಆ ಕಾಗದವನ್ನೇ ನೋಡಿದರು. ಅವರ ತಲೆಯಲ್ಲಿ ಆಗ ನಮ್ಮ ಮನೆ ಹಿಂದಿನ ತೋಟ ಇತ್ತು ಅಂತ ನನಗೆ ಗೊತ್ತು. ಮಂಜಿನ ಬೆಳಿಗ್ಗೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತರೆ ಎಷ್ಟನೇ ಮರದ ತನಕ ಕಾಣುತ್ತದೆ ಅಂತ ಅವರು ಲೆಕ್ಕ ಮಾಡುತ್ತಿದ್ದರು. ಔಷಧಿ ಹೊಡೆಯಲು ಕೊನೆಗಾರರು ಮರ ಹತ್ತಬಹುದೋ ಬೇಡವೋ ಅಂತ ತೀರ್ಮಾನ ಮಾಡುತ್ತಿದ್ದುದೂ ಹಾಗೇ. ಮಂಜು ಹರಿದು ಮರ ಒಣಗದೆ ಯಾರನ್ನೂ ಹತ್ತಿಸುತ್ತಿರಲಿಲ್ಲ.

"ಆ ಹುಡುಗ್ರು ನಮ್ಮನ್ನ ಬೇರೆ ಊರಿಗೆ ಕರ್ಕೊಂಡು ಹೋದದ್ದು ಸರಿ ಮಾಡಿದ್ರು" ಅಂದರು ಕೊನೆಗೆ. ನಾನು ಅದನ್ನು ಹಿಂದಿಯಲ್ಲಿ ಹೇಳಿದೆ. ಅಂಕಲ್ ಎದ್ದು ಅಪ್ಪಯ್ಯನ ಕೈ ಹಿಡಿದು ಕುಲುಕಿದರು.

ಮಾರನೇ ದಿನ ಸಂಕ್ರಾಂತಿ. ಆರು ಗಂಟೆಗೆ ಎದ್ದು ನೋಡಿದರೆ ಅಪ್ಪಯ್ಯ ಹಾಸಿಗೆಯಲ್ಲಿ ಇರಲಿಲ್ಲ. ತಾರಸಿಯ ಬಾಗಿಲು ತೆಗೆದಿತ್ತು. ಮಫ್ಲರ್ ಸುತ್ತಿಕೊಂಡು, ನನ್ನ ಮಗನ ಶಾಲು ಹೊದ್ದುಕೊಂಡು ಪಡುವಣ ದಿಕ್ಕಿಗೆ ನಿಂತಿದ್ದರು. ಮಂಜು ಹಿಂದಿನ ದಿನದಷ್ಟೇ ಇತ್ತು. ನೀರಿನ ಟ್ಯಾಂಕು ಕಾಣುತ್ತಿತ್ತು, ಅದರಾಚೆಗಿನ ಬಟ್ಟೆ ಹಗ್ಗ ಕಾಣುತ್ತಿರಲಿಲ್ಲ. ಒಂದು ವಿಮಾನ ಬರುವ ಸದ್ದು. ಬೆಳಕಿಲ್ಲ, ಆಕಾರ ಇಲ್ಲ, ಸದ್ದು ಮಾತ್ರ ನಮ್ಮ ತಲೆಯ ಮೇಲೆ ಬಂದು ಪೂರ್ವಕ್ಕೆ ಜಾರಿಕೊಂಡು ಹೋಯಿತು.

"ಏರಿದ್ದಾ, ಇಳಿದದ್ದಾ?" ಅಂತ ಕೇಳಿದರು.

"ಇಳೀತಾ ಇದೆ ಅಪ್ಪಯ್ಯ. ಏರೋದಾದ್ರೆ ಆ ಕಡೆಯಿಂದ ಈ ಕಡೆ ಬರಬೇಕಿತ್ತು, ಸದ್ದೂ ಜಾಸ್ತಿ."

ಅಪ್ಪಯ್ಯ ಟ್ಯಾಂಕಿನ ಕಡೆ ನೋಡಿದರು, ಆಮೇಲೆ ಕಾಣದ ಹಗ್ಗದ ಕಡೆ. ಸದ್ದು ಪೂರ್ತಿ ನಿಲ್ಲುವ ತನಕ ಕಿವಿಗೊಟ್ಟು ನಿಂತರು.

"ಹಾಗಾದ್ರೆ ಅಲ್ಲಿ ಹದಿನೆಂಟು ಮರ ಕಾಣ್ತಾ ಇದೆ" ಅಂದರು. "ನಡಿ, ಕಬ್ಬು ಸುಲೀಬೇಕು."